ಹಳ್ಳದ ಮೀನಿಗೂ ಮೂಗಿದೆ

ಮೊದಲ ಕೊಳೆ ಔಷಧಿ ಮುಗಿದ ಮೇಲೆ ತೋಟದವರು ಕೇಳುವುದು ಒಂದೇ ಪ್ರಶ್ನೆ: ‘ಎಲ್ಲಾ ಕೊನೆಗೂ ತಾಗ್ತಾ?’ ಡ್ರಮ್ಮು, ಪಂಪು, ಪೈಪು ಎಲ್ಲಿ ತೊಳೆದರು ಅಂತ ಯಾರೂ ಕೇಳೋದಿಲ್ಲ. ನಮ್ಮ ಕಡೆ ಹೆಚ್ಚಿನ ಪಾಲು ಹಳ್ಳದಲ್ಲೇ. ನೀರು ಅಲ್ಲಿದೆ, ಕೆಲಸ ಸುಲಭ. ಯಾರಾದರೂ ಆಕ್ಷೇಪ ಎತ್ತಿದರೆ ಉತ್ತರವೂ ರೆಡಿ: ‘ಮೀನೇನು ಸತ್ತು ತೇಲಿಲ್ವಲ್ಲ ಮಾರಾಯ್ರೆ!’ ನನ್ನ ತಕರಾರು ಈ ಉತ್ತರದ ಮೇಲೆ.

ಜೇನು ಸಾಕುವವರು ಕಾರ್ಲ್ ಫಾನ್ ಫ್ರಿಶ್ ಹೆಸರು ಕೇಳಿರಬಹುದು. ಜೇನ್ನೊಣದ ಕುಣಿತದ ಅರ್ಥ ಬಿಡಿಸಿದವರು, 1973ರಲ್ಲಿ ನೊಬೆಲ್ ಪಡೆದವರು. ಅವರು ಮೀನನ್ನೂ ಅಷ್ಟೇ ತಾಳ್ಮೆಯಿಂದ ನೋಡಿದ್ದರು. ಗಾಯವಾದ ಒಂದು ಸಣ್ಣ ಮೀನನ್ನು ಗುಂಪಿಗೆ ವಾಪಸ್ ಬಿಟ್ಟಾಗ ಉಳಿದವು ಹೆದರಿ ಓಡಿದವು. ಯಾಕೆ ಅಂತ ಹುಡುಕಿದರೆ, ಮೀನಿನ ಚರ್ಮ ಹರಿದಾಗ ಒಂದು ವಾಸನೆಯ ಪದಾರ್ಥ ನೀರಿಗೆ ಸೇರುತ್ತದೆ, ಅದು ಮೂಗಿಗೆ ಬಡಿದ ಕೂಡಲೇ ಉಳಿದವಕ್ಕೆ ‘ಅಪಾಯ’ ಅಂತ ಗೊತ್ತಾಗುತ್ತದೆ! 1938ರಲ್ಲೇ ಅವರು ಇದನ್ನು ಪ್ರಕಟಿಸಿದರು. ನಮ್ಮ ಕಾಟ್ಲಾ, ರೋಹು, ಹಳ್ಳದ ಹೆಚ್ಚಿನ ಸಣ್ಣ ಮೀನುಗಳು ಇದೇ ಬಳಗದವು. ಕಲಕು ನೀರಿನಲ್ಲಿ ಕಣ್ಣು ಎಷ್ಟು ದೂರ ಕಂಡೀತು? ಮಳೆಗಾಲದ ಮೀನಿಗೆ ಮೂಗೇ ಕಾವಲು.

ತಾಮ್ರ ಕೆಡಿಸುವುದು ಈ ಮೂಗನ್ನೇ. ಅಮೆರಿಕದ ಪಶ್ಚಿಮ ಕರಾವಳಿಯ ಕೋಹೊ ಸಾಲ್ಮನ್ ಮರಿಗಳ ಮೇಲಿನ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಲೀಟರಿಗೆ 5ರಿಂದ 20 ಮೈಕ್ರೋಗ್ರಾಂ ತಾಮ್ರವಿದ್ದ ನೀರಿನಲ್ಲಿ ಮರಿಗಳನ್ನು ಕೆಲವೇ ತಾಸು ಇಟ್ಟರು. ಒಂದೂ ಸತ್ತು ತೇಲಬೇಕಾಗಿರಲಿಲ್ಲ. ಅಪಾಯದ ವಾಸನೆ ಬಂದಾಗ ಒಳ್ಳೆಯ ನೀರಿನ ಮರಿಗಳು ಅಲುಗಾಡದೆ ನಿಂತರೆ, ಇವು ಏನೂ ಆಗದವರಂತೆ ಈಜಾಡಿಕೊಂಡು ದೊಡ್ಡ ಮೀನಿನ ಬಾಯಿಗೆ ಬೇಗ ಬಿದ್ದವು. ಸಾಲ್ಮನ್ ನಮ್ಮ ಹಳ್ಳದ್ದಲ್ಲ, ಒಪ್ಪಿದೆ. ಆದರೆ ಪ್ರಯೋಗಾಲಯದವರು ಸಾಕುವ ಜೀಬ್ರಾ ಮೀನು ನಮ್ಮ ದೇಶದ್ದೇ. ತಾಮ್ರ ಅದರ ಮೂಗಿನ ನರಗಳನ್ನೂ ಹಾಳು ಮಾಡುತ್ತದೆ.

ಈಗ ನಮ್ಮ ಡ್ರಮ್ಮಿನ ಲೆಕ್ಕ ನೋಡಿ. ಶೇಕಡಾ ಒಂದರ ಬೋರ್ಡೋ ಅಂದರೆ 100 ಲೀಟರಿಗೆ 1 ಕಿಲೋ ಮೈಲುತುತ್ತು. ಅದರಲ್ಲಿ ತಾಮ್ರ ಸುಮಾರು 250 ಗ್ರಾಂ. ತಳದಲ್ಲಿ ಉಳಿದ ಒಂದೇ ಲೀಟರಿನಲ್ಲಿ ಎರಡೂವರೆ ಗ್ರಾಂ. ಲೀಟರಿಗೆ 5 ಮೈಕ್ರೋಗ್ರಾಂ ಅಂತ ಹಂಚಿದರೆ 5 ಲಕ್ಷ ಲೀಟರ್ ನೀರಿಗೆ ಸಾಕು! ಸುಣ್ಣದ ಜೊತೆ ಸೇರಿದ ತಾಮ್ರ ಅಷ್ಟೂ ಕರಗುವುದಿಲ್ಲ ಎನ್ನುವುದು ನಿಜ. ಹತ್ತರಲ್ಲಿ ಒಂದು ಪಾಲು ಮಾತ್ರ ಕರಗಿತು ಅಂದುಕೊಳ್ಳಿ, ಆಗಲೂ 50 ಸಾವಿರ ಲೀಟರ್. ಸುಣ್ಣ ಕಡಿಮೆ ಬಿದ್ದ ದ್ರಾವಣವಾದರೆ ಇನ್ನೂ ಕೆಟ್ಟದು. ಹೊಳೆಯುವ ಕಬ್ಬಿಣದ ಕತ್ತಿ ಅದ್ದಿ ನೋಡಿದಾಗ ಕೆಂಪು ಹಿಡಿದರೆ ಬಿಡಿ ತಾಮ್ರ ಉಳಿದಿದೆ ಎಂದೇ ಅರ್ಥ. ಅದು ಕಾಯಿಯನ್ನೂ ಸುಡುತ್ತದೆ, ಹಾಗಾಗಿ ಈ ಪರೀಕ್ಷೆ ಮೀನಿಗಾಗಿ ಮಾತ್ರ ಅಲ್ಲ.

ಸಮಯವೂ ನೋಡಿ ಹೇಗೆ ಕೂಡಿಬರುತ್ತದೆ! ನಾವು ಮೊದಲ ಔಷಧಿ ಹೊಡೆಯುವುದು ಮಳೆ ಹಿಡಿಯುವ ಹೊತ್ತಿಗೆ. ಹತ್ತುಮೀನು ಮೊಟ್ಟೆ ಇಡಲು ಗದ್ದೆ, ಕಾಲುವೆ ಹುಡುಕಿಕೊಂಡು ಮೇಲೇರುವುದೂ ಆಗಲೇ.

‘ಮೀನಿಗೆ ನೋವು ಗೀವು ಎಲ್ಲಿಂದ?’ ಎನ್ನುವವರಿದ್ದಾರೆ. 2003ರಲ್ಲಿ ಬ್ರಿಟನ್ನಿನ ಲಿನ್ ಸ್ನೆಡನ್ ಮತ್ತು ಜೊತೆಯವರು ಟ್ರೌಟ್ ಮೀನಿನ ತುಟಿಗೆ ಜೇನ್ನೊಣದ ವಿಷ, ಆಮ್ಲ ಚುಚ್ಚಿ ನೋಡಿದರು. ಮೀನು ತಾಸುಗಟ್ಟಲೆ ತಿನ್ನಲಿಲ್ಲ. ಆಮ್ಲ ಚುಚ್ಚಿದವು ತುಟಿಯನ್ನು ಕಲ್ಲಿಗೆ ಉಜ್ಜಿಕೊಂಡವು. ಇದಕ್ಕಿಂತ ಹೆಚ್ಚಿನ ಸಾಕ್ಷಿ ನನಗಂತೂ ಬೇಡ.

ಔಷಧಿ ಬಿಡಿ ಅಂತ ನಾನು ಹೇಳುತ್ತಿಲ್ಲ. ಕೊಳೆ ಬಂದರೆ ನನ್ನ ಫಸಲೂ ಹೋಗುತ್ತದೆ. ತೊಳೆಯುವ ಜಾಗ ಬದಲಾಗಲಿ, ಅಷ್ಟೇ. ನಮ್ಮಲ್ಲಿ ಕಲಸುವ ಡ್ರಮ್ಮು ಹಳ್ಳದಿಂದ ದೂರ, ಎತ್ತರದಲ್ಲಿದೆ. ತೊಳೆದ ನೀರು ಮುಂದಿನ ಡ್ರಮ್ಮಿಗೆ ಹೋಗುತ್ತದೆ. ದಿನದ ಕೊನೆಯದನ್ನು ತೋಟದಲ್ಲಿ ಹರಡಿ ಚೆಲ್ಲುತ್ತೇವೆ. ಒಂದೇ ಮರದ ಬುಡಕ್ಕಲ್ಲ, ತಾಮ್ರ ಮಣ್ಣಿನಲ್ಲೂ ಉಳಿಯುತ್ತದೆ. ಇದಕ್ಕೆ ದಿನಕ್ಕೆ ಅರ್ಧ ತಾಸು ಹೆಚ್ಚು ಬೇಕು. ಔಷಧಿ ಹೊಡೆಯುವವರು ಗೊಣಗುತ್ತಾರೆ. ಆ ಅರ್ಧ ತಾಸಿನ ಸಂಬಳ ನಾವೇ ಕೊಡಬೇಕು, ಅವರ ತಲೆಗೆ ಕಟ್ಟಬಾರದು.

ಒಬ್ಬನೇ ಮಾಡಿದರೆ ಸಾಲದು, ಒಂದು ಹಳ್ಳದ ತೋಟಗಳೆಲ್ಲ ಒಂದೇ ವಾರದಲ್ಲಿ ಔಷಧಿ ಹೊಡೆಯುತ್ತವೆ. ನಮ್ಮ ಹಳ್ಳಕ್ಕೆ ತಾಗಿ ಏಳು ತೋಟ. ನನ್ನನ್ನೂ ಸೇರಿಸಿ ನಾಲ್ವರು ಒಪ್ಪಿದ್ದೇವೆ, ಇಬ್ಬರು ‘ನೋಡೋಣ’ ಅಂದಿದ್ದಾರೆ. ಇನ್ನೊಬ್ಬರ ಮನೆಗೆ ಈ ಭಾನುವಾರ ಹೋಗಬೇಕು.