ಕೊಳಗ ಯಾರ ಕೈಯಲ್ಲಿ?

ಬೆಂಗಳೂರಿನ ಬನಶಂಕರಿ ಎರಡನೆಯ ಹಂತದಲ್ಲಿ ಚಿಕ್ಕದೊಂದು ಹೋಟೆಲು ನಡೆಸುತ್ತಿರುವ ಯುವಕನೊಬ್ಬ ಹೋದ ತಿಂಗಳು ನಮ್ಮ ಕಚೇರಿಗೆ ಬಂದಿದ್ದ. ನಾವು ಮೇಷ್ಟರಾಗಿದ್ದ ಕಾಲದಲ್ಲಿ ನಮ್ಮ ಕೈಯಲ್ಲೇ ಸೇಕಡಾ ಲೆಕ್ಕ ಕಲಿತವನು. ಈಗ ಅವನು, ತಾಯಿ, ಭಾವ, ಇಬ್ಬರು ಕೆಲಸದ ಹುಡುಗರು, ಹೀಗೆ ಐದು ಹೊಟ್ಟೆಗಳು ಆ ಹೋಟೆಲಿನ ಮೇಲೆ ನಿಂತಿವೆ. ಆರು ಮೇಜು, ಒಂದು ಕಾವಲಿ. ಬೆಳಿಗ್ಗೆ ಇಡ್ಲಿ ದೋಸೆ, ಮಧ್ಯಾಹ್ನ ಊಟ.

“ಮೇಷ್ಟ್ರೇ, ಮೊಬೈಲಿನಲ್ಲಿ ಆರ್ಡರು ತಗೊಳ್ಳೋ ವ್ಯವಸ್ಥೆ ಇಲ್ಲದಿದ್ದರೆ ಇನ್ನು ಉಳಿಯೋ ಹಾಗಿಲ್ಲ. ಒಂದು ಕಂಪನಿ ಜೊತೆ ಎರಡು ತಿಂಗಳು ಮಾಡಿ ನೋಡಿದೆ. ಇನ್ನೂ ಮೂವರು ಬಂದು ಹೋಗಿದ್ದಾರೆ. ಯಾರನ್ನು ಹಿಡೀಲಿ, ನೀವೇ ಹೇಳಿ” ಎಂದ.

ನಮಗೆ ಮೊದಲು ನಗು ಬಂತು. ಪಕ್ಷದ ಕೆಲಸ ಮಾಡುವವರಿಗೂ ದೋಸೆಯ ವ್ಯಾಪಾರಕ್ಕೂ ಏನು ಸಂಬಂಧ? ಅವನು ಜೇಬಿನಿಂದ ತೆಗೆದ ಕಾಗದ ನೋಡಿದ ಮೇಲೆ ನಗು ನಿಂತಿತು.

ಲೆಕ್ಕ ಹೀಗಿದೆ. ಅಂಗಡಿಯಲ್ಲಿ ಮಸಾಲೆ ದೋಸೆಗೆ 80 ರೂಪಾಯಿ. ಆಪಿನಲ್ಲಿ ಗಿರಾಕಿಯನ್ನು ಸೆಳೆಯಲು ರಿಯಾಯಿತಿಯೆಂದು ಇವನ ಪಾಲಿನಿಂದ 10 ರೂಪಾಯಿ ಬಿಡಬೇಕು. ಉಳಿದ 70ರ ಮೇಲೆ ಕಂಪನಿಯ ದಲ್ಲಾಳಿ ಸೇಕಡಾ 25, ಅಂದರೆ 17 ರೂಪಾಯಿ 50 ಪೈಸೆ. ಆ ದಲ್ಲಾಳಿಯ ಮೇಲೆ ಸೇಕಡಾ 18ರಂತೆ ಜಿಎಸ್‌ಟಿ, 3 ರೂಪಾಯಿ 15 ಪೈಸೆ. ಸೇಕಡಾ 5ರ ತೆರಿಗೆಯಲ್ಲಿರುವ ಹೋಟೆಲಿನವನಿಗೆ ಈ ಹಣ ಹಿಂದಿರುಗಿ ಬರುವುದಿಲ್ಲ. ಡಬ್ಬಿ, ಚಟ್ನಿಯ ಪೊಟ್ಟಣ, ಚೀಲ ಸೇರಿ 6 ರೂಪಾಯಿ. ಕೈಗೆ ಬಂದದ್ದು 43 ರೂಪಾಯಿ 35 ಪೈಸೆ. ಅಕ್ಕಿ, ಉದ್ದು, ಎಣ್ಣೆ, ಗ್ಯಾಸು, ಬಾಡಿಗೆ, ಕೂಲಿ ಎಲ್ಲವನ್ನೂ ಹಂಚಿ ನೋಡಿದರೆ ದೋಸೆಯೊಂದಕ್ಕೆ ಅವನಿಗೆ ಬೀಳುವ ಖರ್ಚು 52 ರೂಪಾಯಿ. ಎರಡು ತಿಂಗಳು ಹಗಲಿರುಳು ದುಡಿದು, ದೋಸೆಯೊಂದಕ್ಕೆ 8 ರೂಪಾಯಿ 65 ಪೈಸೆ ಕೈಯಿಂದ ಕೊಟ್ಟಿದ್ದಾನೆ. ನಾವು ಕಲಿಸಿದ ಲೆಕ್ಕ ಅವನು ಮರೆತಿಲ್ಲ ಎಂಬುದಷ್ಟೇ ಸಮಾಧಾನ.

ಕಂಪನಿಯ ಪ್ರತಿನಿಧಿಗೂ ಒಂದು ವಾದವಿದೆ. ಅದನ್ನು ಬಚ್ಚಿಡುವುದು ನ್ಯಾಯವಲ್ಲ. “ಒಲೆ ಹೇಗೂ ಉರಿಯುತ್ತಿದೆ, ಬಾಡಿಗೆ ಹೇಗೂ ಕೊಡುತ್ತೀರಿ, ಹುಡುಗರಿಗೆ ಸಂಬಳ ಹೇಗೂ ಇದೆ. ಹೆಚ್ಚಿನ ದೋಸೆಗೆ ತಗಲುವುದು ಬರಿಯ ಹಿಟ್ಟು, ಎಣ್ಣೆ. ಬಂದದ್ದೆಲ್ಲ ಲಾಭವೇ” ಎನ್ನುತ್ತಾನೆ. ಆರ್ಡರು ಕೊಟ್ಟವನು ಬಿ.ಟಿ.ಎಂ. ಬಡಾವಣೆಯ ನಾಲ್ಕನೆಯ ಮಹಡಿಯಲ್ಲಿ ಕುಳಿತ, ಈ ಹೋಟೆಲಿನ ಹೆಸರನ್ನೇ ಕೇಳದ ಹೊಸಬನಾದರೆ ಈ ಮಾತು ನಿಜ. ಆದರೆ ನಮ್ಮ ಹುಡುಗನ ಅನುಭವ ಬೇರೆ. ಮೊದಲ ತಿಂಗಳು ಹೊಸಬರು ಬಂದರು. ಎರಡನೆಯ ತಿಂಗಳು, ದಿನವೂ ಚಪ್ಪಲಿ ಮೆಟ್ಟಿಕೊಂಡು ಬರುತ್ತಿದ್ದ ಪಕ್ಕದ ಬೀದಿಯ ನಿವೃತ್ತ ಗುಮಾಸ್ತರೇ ರಿಯಾಯಿತಿಯ ಆಸೆಗೆ ಮನೆಯಿಂದ ಬೆರಳೊತ್ತಲಾರಂಭಿಸಿದರು. ಅಂದರೆ ತನ್ನದೇ ಗಿರಾಕಿಯನ್ನು ತಾನೇ ಕಂಪನಿಗೆ ಒಪ್ಪಿಸಿ, ಅದೇ ಗಿರಾಕಿಯನ್ನು ಸೇಕಡಾ 25 ತೆತ್ತು ಮರಳಿ ಕೊಳ್ಳುತ್ತಿದ್ದಾನೆ! ಅವರ ಫೋನ್ ನಂಬರು ಕೂಡ ಇವನಿಗೆ ಕಾಣುವುದಿಲ್ಲ.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಜಗಳ ಮೊದಲಾದದ್ದು ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ. ಗೇಣಿ ಎಷ್ಟು ಎಂಬುದು ಒಂದು ಪ್ರಶ್ನೆ, ಅಳೆಯುವ ಕೊಳಗ ಯಾರ ಕೈಯಲ್ಲಿದೆ ಎಂಬುದು ಇನ್ನೊಂದು, ಎರಡನೆಯದೇ ದೊಡ್ಡದು. ಸೇಕಡಾ 25 ಎಂದು ಕಾಗದದಲ್ಲಿ ಬರೆದದ್ದನ್ನು ಓದಬಹುದು. ಪಟ್ಟಿಯಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ, ಜಾಹೀರಾತಿಗೆ ಎಷ್ಟು ಕತ್ತರಿಸಿದರು, ಗಿರಾಕಿ ದೂರು ಕೊಟ್ಟಾಗ ಯಾರ ಹಣ ಹಿಂದಕ್ಕೆ ಹೋಯಿತು, ಇವನ್ನೆಲ್ಲ ಅಳೆಯುವ ಕೊಳಗ ಹೋಟೆಲಿನವನ ಕೈಯಲ್ಲಿಲ್ಲ.

ಇದು ಒಬ್ಬನ ಗೊಣಗಾಟವಲ್ಲ. 2021ರಲ್ಲಿ ರಾಷ್ಟ್ರೀಯ ರೆಸ್ಟೋರೆಂಟುಗಳ ಸಂಘದವರು ಸ್ವಿಗ್ಗಿ, ಜೊಮ್ಯಾಟೊ ಎರಡರ ಮೇಲೂ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. ತಮಗೆ ಬೇಕಾದವರನ್ನು ಮುಂದೆ ನಿಲ್ಲಿಸುತ್ತಾರೆ, ಬೇರೆ ಕಡೆ ಕಡಮೆ ಬೆಲೆಗೆ ಮಾರದಂತೆ ಕಟ್ಟಿಹಾಕುತ್ತಾರೆ ಎಂಬ ಆಪಾದನೆಗಳಲ್ಲಿ ತನಿಖೆಗೆ ತಕ್ಕ ಅಂಶವಿದೆಯೆಂದು 2022ರ ಏಪ್ರಿಲಿನಲ್ಲಿ ಆಯೋಗ ವಿಚಾರಣೆಗೆ ಆಜ್ಞೆ ಮಾಡಿತು. ಕೋರಮಂಗಲದಲ್ಲಿ 2014ರಲ್ಲಿ ಹುಟ್ಟಿದ ಸ್ವಿಗ್ಗಿ 2024ರ ನವೆಂಬರಿನಲ್ಲಿ ಷೇರು ಪೇಟೆಗೆ ಹೋಯಿತು. ಜೊಮ್ಯಾಟೊ ಅದಕ್ಕೂ ಮೊದಲೇ, 2021ರಲ್ಲಿ. ಷೇರುದಾರನಿಗೆ ಲಾಭ ಕಾಣಬೇಕೆಂದರೆ ಅದು ಗಿರಾಕಿಯಿಂದಲೋ, ಹೋಟೆಲಿನಿಂದಲೋ, ಬೈಕಿನ ಮೇಲೆ ಓಡುವ ಹುಡುಗನಿಂದಲೋ ಬರಬೇಕು. ನಾಲ್ಕನೆಯ ದಾರಿ ನಮಗಂತೂ ಕಾಣುವುದಿಲ್ಲ.

ಹಾಗಾದರೆ ಮೊಬೈಲನ್ನೇ ಬಿಟ್ಟುಬಿಡೋಣವೆ? ಹಾಗೆ ಹೇಳುವ ಹಿರಿಯರು ನಮ್ಮಲ್ಲಿ ಇದ್ದಾರೆ. ನಾವು ಒಪ್ಪುವುದಿಲ್ಲ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದಾಗ, ನಿಂತುಕೊಂಡು ತಿನ್ನುವುದೇ, ಮೊದಲೇ ಹಣ ಕೊಟ್ಟು ಚೀಟಿ ಹಿಡಿಯುವುದೇ ಎಂದು ಮೂಗು ಮುರಿದವರೂ ಇದ್ದಿರಬೇಕು. ಇಂದು ಬೆಂಗಳೂರಿನ ದಕ್ಷಿಣ ಭಾಗದಲ್ಲಿ ದರ್ಶಿನಿಯಿಲ್ಲದ ಬೀದಿ ಹುಡುಕಬೇಕು. ಆ ಚೀಟಿಯೂ ಒಂದು ಆರ್ಡರು ವ್ಯವಸ್ಥೆಯೇ. ಮಾಣಿ ಮೇಜಿನಿಂದ ಮೇಜಿಗೆ ಓಡುವುದು ತಪ್ಪಿತು, ಬೆಲೆ ಇಳಿಯಿತು, ಕೂಲಿಕಾರನೂ ಗುಮಾಸ್ತನೂ ಒಂದೇ ಕಟ್ಟೆಗೆ ಒರಗಿ ಕಾಫಿ ಕುಡಿದರು. ಚೀಟಿಯ ಪುಸ್ತಕ ಮಾತ್ರ ಹೋಟೆಲಿನವನ ಗಲ್ಲಾದಲ್ಲೇ ಇತ್ತು.

ಉಳಿದ ಮೂವರ ವಿಚಾರಕ್ಕೆ ಬರೋಣ. ಒಬ್ಬ, ತಿಂಗಳಿಗೆ ಇಷ್ಟು ಬಾಡಿಗೆ ಕೊಟ್ಟರೆ ಹೋಟೆಲಿನ ಹೆಸರಿನಲ್ಲೇ ಆರ್ಡರಿನ ಪುಟ ಮಾಡಿಕೊಡುವವನು. ದಲ್ಲಾಳಿಯಿಲ್ಲ, ಗಿರಾಕಿಯ ಹೆಸರು, ನಂಬರು ನಮ್ಮದೇ. ಆದರೆ ದೋಸೆ ಒಯ್ಯುವವನನ್ನು ನಾವೇ ಹುಡುಕಬೇಕು, ಪುಟ ಇದೆಯೆಂದು ಜನಕ್ಕೆ ನಾವೇ ಸಾರಬೇಕು. ಇನ್ನೊಬ್ಬ ಹೊಸ ಆಪಿನವನು, “ಮೊದಲ ವರ್ಷ ದಲ್ಲಾಳಿ ಸೊನ್ನೆ” ಎನ್ನುತ್ತಾನೆ. ಎರಡನೆಯ ವರ್ಷದ ಮಾತು ಎತ್ತಿದರೆ ಚಹಾ ತರಿಸೋಣವೆ ಎನ್ನುತ್ತಾನಂತೆ. ಬೆಂಗಳೂರಿನಲ್ಲಿ 2020ರ ಮೇ ತಿಂಗಳಲ್ಲಿ ಶುರುವಾದ ಅಮೆಜಾನ್ ಫುಡ್ 2022ರ ಕೊನೆಗೆ ಬಾಗಿಲು ಹಾಕಿತು. ಇದೇ ಊರಿನ ವಾಟ್ಸಾಪಿನಲ್ಲಿ ಸಾಮಾನು ತಂದುಕೊಡುವ ಚಾಕರಿಯಿಂದ ಬೆಳೆದ ಡಂಜೊ 2025ರ ಜನವರಿಯಲ್ಲಿ ನಿಂತೇಹೋಯಿತು. ಒಂದೇ ಹಗ್ಗಕ್ಕೆ ಜೋತುಬಿದ್ದವರ ಗಿರಾಕಿಗಳ ಪಟ್ಟಿಯೂ ಹಗ್ಗದೊಡನೆ ಹೋಯಿತು.

ಮೂರನೆಯದು ಓಎನ್‌ಡಿಸಿ. ಇದು ಒಂದು ಆಪಲ್ಲ. ಸರ್ಕಾರದ ಪ್ರೇರಣೆಯಿಂದ 2021ರ ಡಿಸೆಂಬರಿನಲ್ಲಿ ಸ್ಥಾಪನೆಯಾದ, ಲಾಭಕ್ಕಲ್ಲದ ಕಂಪನಿ ನಡೆಸುವ ಜಾಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲೇ ಸಾರ್ವಜನಿಕ ಪರೀಕ್ಷೆಗೆ ಇಳಿಯಿತು. ಕೊಳ್ಳುವವನ ಆಪು ಒಬ್ಬರದು, ಮಾರುವವನದು ಇನ್ನೊಬ್ಬರದು, ಸಾಗಿಸುವವನು ಮತ್ತೊಬ್ಬ. ಸಂತೆಯ ಮೈದಾನ ಎಲ್ಲರದೂ ಆಗಲಿ ಎಂಬುದು ಯೋಚನೆ. ತತ್ತ್ವ ಚೆನ್ನಾಗಿದೆ. ನಡೆವಳಿಕೆಯಲ್ಲಿ, ಸಾರು ಚೆಲ್ಲಿದರೆ ಮೂವರೂ ಒಬ್ಬರನ್ನೊಬ್ಬರು ತೋರಿಸುತ್ತಾರೆಂದು ಹೋಟೆಲಿನವರು ದೂರುತ್ತಾರೆ. ಆರಂಭದ ರಿಯಾಯಿತಿಯ ಹಣ ಕಡಮೆಯಾದಂತೆ ಗಿರಾಕಿಗಳ ಉತ್ಸಾಹವೂ ಇಳಿಯಿತು. ಆದರೂ ಇದೇ ಬೆಂಗಳೂರಿನಲ್ಲಿ ಆಟೋ ಚಾಲಕರ ಯೂನಿಯನ್ನಿನವರು ಜೊತೆಗೂಡಿದ ‘ನಮ್ಮ ಯಾತ್ರಿ’ ದಲ್ಲಾಳಿಯಿಲ್ಲದೆ ಓಡಲಾರಂಭಿಸಿ, ಆಮೇಲೆ ದಿನಕ್ಕೆ ಇಷ್ಟೆಂಬ ಸಣ್ಣ ಚಂದಾಕ್ಕೆ ಬಂತು. ಜನ ಒಟ್ಟಾಗಿ ನಿಂತ ಕಡೆ ಜಾಲ ನಿಂತಿತು. ತತ್ತ್ವವೊಂದನ್ನೇ ನೆಚ್ಚಿದ ಕಡೆ ಸೊರಗಿತು.

ಇಲ್ಲಿ ನಮ್ಮ ಹುಡುಗನಿಗೆ ಒಂದು ಅಂಜಿಕೆ. ಎಲ್ಲವೂ ಮೊಬೈಲಿಗೆ ಬಂದರೆ ತೆರಿಗೆಯವರು ಬರುತ್ತಾರೆ! 2025ರ ಜುಲೈಯಲ್ಲಿ ಯುಪಿಐ ಜಮೆಯ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿದಾಗ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಕ್ಯೂಆರ್ ಚೀಟಿ ಕಿತ್ತು ‘ನಗದು ಮಾತ್ರ’ ಎಂದು ಅಂಟಿಸಿದರು. ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು ಹೇಳಬೇಕಾಯಿತು. ಅಂಜಿಕೆ ಅರ್ಥವಾಗುವಂಥಾದ್ದೇ. ಆದರೆ ವರ್ಷಕ್ಕೆ 20 ಲಕ್ಷ ದಾಟುವ ಹೋಟೆಲು ನೋಂದಾಯಿಸಿಕೊಳ್ಳಲೇಬೇಕು, ಮೊಬೈಲಿರಲಿ ಇಲ್ಲದಿರಲಿ. ಕಂಪನಿಯ ಆಪಿನ ಮೂಲಕ ಮಾರಿದ ಊಟದ ಸೇಕಡಾ 5ರ ತೆರಿಗೆಯನ್ನು 2022ರ ಜನವರಿ 1ರಿಂದ ಕಂಪನಿಯೇ ಕಟ್ಟುತ್ತದೆ. ಸ್ವಂತ ಪುಟದಲ್ಲಿ ಮಾರಿದ್ದಕ್ಕೆ ನಾವೇ ಕಟ್ಟಬೇಕು. ಎರಡು ಲೆಕ್ಕ ಬೇರೆ ಬೇರೆ ಬರೆದಿಡು ಎಂದೆವು. ಲೆಕ್ಕಕ್ಕೆ ಹೆದರಿ ಲೆಕ್ಕವನ್ನೇ ಬಿಟ್ಟವನು ಕೊಳಗದ ಮಾತೆತ್ತುವಂತಿಲ್ಲ.

ಒಯ್ಯುವ ಹುಡುಗನನ್ನು ಮರೆತರೆ ಇಷ್ಟು ಹೊತ್ತು ಆಡಿದ್ದೆಲ್ಲ ಅಂಗಡಿಯವನ ಪರವಾದ ವಕಾಲತ್ತಾಗುತ್ತದೆ. ಆಪಿನ ಕಂಪನಿಗಳ ಹುಡುಗರಿಗಾಗಿ ಕರ್ನಾಟಕದಲ್ಲಿ 2025ರಲ್ಲಿ ಕಾನೂನು ಬಂತು: ಕಲ್ಯಾಣ ಮಂಡಳಿ, ಅವರಿಗೆ ಸಲ್ಲುವ ಹಣದ ಮೇಲೆ ಕಂಪನಿಯಿಂದ ಸೇಕಡಾ 1ರಿಂದ 5ರವರೆಗೆ ಕ್ಷೇಮಶುಲ್ಕ, ಕೆಲಸದಿಂದ ತೆಗೆಯಲು ಕಾರಣ ತಿಳಿಸಿ 14 ದಿನಗಳ ನೋಟೀಸು. ಕಾಗದದ ಮೇಲಿನದು ಬೀದಿಗೆ ಇಳಿಯುವುದು ಹೋರಾಟದ ಮೇಲೆ ನಿಂತಿದೆ. ಸ್ವಂತ ಪುಟ ಮಾಡಿಕೊಂಡ ಹೋಟೆಲಿನವನು “ಐದು ನಿಮಿಷದಲ್ಲಿ ಕೊಟ್ಟು ಬಾ” ಎಂದು ಪಾತ್ರೆ ತೊಳೆಯುವ ಹುಡುಗನನ್ನೇ ಸೈಕಲ್ಲಿಗೆ ಹತ್ತಿಸಿದರೆ, ಕಂಪನಿ ಮಾಡಿದ್ದನ್ನೇ ಇವನೂ ಮಾಡಿದ ಹಾಗಾಯಿತು. ಈ ಮಾತಿಗೆ ಅವನು ತಲೆ ತಗ್ಗಿಸಿದ. ಮಾಡಿಯೇ ಇದ್ದನೆಂದು ಕಾಣುತ್ತದೆ.

ಕೊನೆಗೆ ಅವನಿಗೆ ಹೇಳಿದ್ದು ಇಷ್ಟು. ದೊಡ್ಡ ಆಪನ್ನು ಪೂರ್ತಿ ಬಿಡಬೇಡ. ಹೊಸಬರು ಬರುವ ಬಾಗಿಲೆಂದು ಇಟ್ಟುಕೊ. ಆದರೆ ನಷ್ಟದ ದೋಸೆಯನ್ನು ಅಲ್ಲಿಂದ ತೆಗೆದು, ಪ್ರಯಾಣದಲ್ಲಿ ಕೆಡದ, ಡಬ್ಬಿಯ ಖರ್ಚು ತಡೆಯುವ ಬಿಸಿಬೇಳೆಬಾತ್, ಪುಳಿಯೋಗರೆ, ಊಟದ ಜೋಡಿಗಳನ್ನಷ್ಟೇ ಇಡು. ಬೇರೆ ಕಡೆ ಅಗ್ಗವಾಗಿ ಮಾರಬಾರದೆಂದು ಕರಾರಿನಲ್ಲಿದೆಯೇ ಎಂದು ಸಹಿಗೆ ಮೊದಲು ಓದು. ಅರ್ಥವಾಗದಿದ್ದರೆ ನಮಗೆ ಕಳಿಸು. ಸುತ್ತಮುತ್ತಲಿನ ಬೀದಿಗಳಿಗೆ ತಿಂಗಳ ಬಾಡಿಗೆಯ ಸ್ವಂತ ಪುಟ ಮಾಡು, ಅದರ ಚೀಟಿಯನ್ನು ಪ್ರತಿ ಡಬ್ಬಿಯ ಮೇಲೂ ಅಂಟಿಸು. ಬಾಡಿಗೆ ಕೊಡುವುದನ್ನು ನಿಲ್ಲಿಸಿದರೆ ಗಿರಾಕಿಗಳ ಪಟ್ಟಿ ನನಗೆ ಸಿಗುತ್ತದೆಯೇ ಎಂದು ಬರಹದಲ್ಲಿ ಕೇಳು. ಬರೆದು ಕೊಡದವನಿಗೆ ಕೈ ಮುಗಿ.

“ಸಾಗಿಸೋದಕ್ಕೆ ಒಬ್ಬನನ್ನು ಇಡೋ ಶಕ್ತಿ ನನಗಿಲ್ಲ, ಮೇಷ್ಟ್ರೇ” ಎಂದ. ನಿನ್ನೊಬ್ಬನಿಗೆ ಇಲ್ಲ, ನಿನ್ನ ಬೀದಿಯ ಎಂಟು ಹೋಟೆಲುಗಳಿಗೆ ಇಲ್ಲವೆ, ಎಂದೆವು. 1957ರಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಹೊರಟಾಗ ಬೀದಿಗೆ ಬಿದ್ದ ಮಾಣಿಗಳು, ಅಡಿಗೆಯವರು ಸಹಕಾರ ಸಂಘ ಕಟ್ಟಿಕೊಂಡು ಅವನ್ನು ತಾವೇ ನಡೆಸಿದರು. ಆ ಸಂಘಗಳಲ್ಲಿ ಮೊದಲನೆಯದು ಹುಟ್ಟಿದ್ದು ಬೆಂಗಳೂರಿನಲ್ಲೇ. ಎಂಟು ಹೋಟೆಲು ಸೇರಿ ಮೂವರು ಸವಾರರಿಗೆ ತಿಂಗಳ ಸಂಬಳ, ವಿಮೆ, ವಾರಕ್ಕೊಂದು ರಜೆ ಕೊಟ್ಟು ಇಟ್ಟುಕೊಳ್ಳುವುದು ಅದಕ್ಕಿಂತ ಕಷ್ಟವೆ? ಕಷ್ಟ ಬೇರೆ ಕಡೆ ಇದೆ. ಆ ಎಂಟರಲ್ಲಿ ಇಬ್ಬರು ದಾಯಾದಿಗಳು; ಒಬ್ಬರ ಸಾಂಬಾರಿನ ಹೆಸರು ಇನ್ನೊಬ್ಬರಿಗೆ ಆಗದು. ಮೊದಲು ಯಾರ ಡಬ್ಬಿ ಎತ್ತಬೇಕೆಂಬುದೇ ಜಗಳವಾದೀತು ಎಂದು ಅವನೇ ಹೇಳಿದ. ನಮಗೂ ಅದಕ್ಕೆ ಸಿದ್ಧ ಉತ್ತರವಿರಲಿಲ್ಲ.

ಊರಿಗೆ ಹೋದ ಮೇಲೆ ಫೋನು ಮಾಡಿದ್ದ. ಐವರು ಒಪ್ಪಿದ್ದಾರೆ, ದಾಯಾದಿಗಳಲ್ಲಿ ಒಬ್ಬರೂ ಇದ್ದಾರೆ. ಇಬ್ಬರು ಸವಾರರನ್ನು ಗೊತ್ತುಮಾಡಿದ್ದಾರೆ. ಸಂಬಳದ ಮಾತು ಇನ್ನೂ ಮುಗಿದಿಲ್ಲ. ಪಾತ್ರೆ ತೊಳೆಯುವ ಹುಡುಗನನ್ನು ಸೈಕಲ್ಲಿನಿಂದ ಇಳಿಸಿದ್ದಾನಂತೆ. ಮೂರು ತಿಂಗಳ ಜಮಾಖರ್ಚು ಬರೆದು ಕಳಿಸು ಎಂದಿದ್ದೇವೆ. ಬಂದ ಕೂಡಲೆ, ಲಾಭವಿರಲಿ ನಷ್ಟವಿರಲಿ, ಅಂಕಿಗಳನ್ನು ಇದೇ ಅಂಕಣದಲ್ಲಿ ಅಚ್ಚು ಹಾಕುತ್ತೇವೆ.