ಮೀಟರ್ ಹೇಳಿದ್ದೇ ಸತ್ಯವಲ್ಲ: ಗಡಿಭಾಗದಲ್ಲಿ ಹಳೆ ಕಾರು ಕೊಳ್ಳುವಾಗ ಕೇಳಬೇಕಾದ ಲೆಕ್ಕ

ಕನಮಡಿ (ಟಿಕೋಟಾ ತಾ.): ಹಳೆ ಕಾರಿನ ವ್ಯಾಪಾರದಲ್ಲಿ ಮೊದಲ ಪ್ರಶ್ನೆ ಯಾವಾಗಲೂ ಒಂದೇ. 'ಗಾಡಿ ಎಷ್ಟ ಓಡ್ಯದರಿ?' ಉತ್ತರವೂ ಹೆಚ್ಚು ಕಡಿಮೆ ಒಂದೇ. 'ಬರೇ ನಲವತ್ತೈದು ಸಾವಿರ ನೋಡ್ರಿ. ಒಬ್ರ ಕೈಯಾಗ ಇತ್ತು, ಡಾಕ್ಟರ್ ಗಾಡಿ.' ಡ್ಯಾಶ್‌ಬೋರ್ಡಿನ ಮೀಟರ್ ಕೂಡ ಅದನ್ನೇ ತೋರಿಸುತ್ತದೆ. ಅಲ್ಲಿಗೆ ಮಾತು ಬೆಲೆಗೆ ಹೊರಳುತ್ತದೆ. ಆದರೆ ಕೇಳಬೇಕಾದ ಪ್ರಶ್ನೆ ಅಲ್ಲಿಂದ ಮುಂದೆ ಶುರುವಾಗಬೇಕು: ಆ ಅಂಕಿಗೆ ಸಾಕ್ಷಿ ಏನು?

ನಮ್ಮ ಕಡೆ 'ಮೈಲೇಜ್' ಎಂದರೆ ಲೀಟರಿಗೆ ಎಷ್ಟು ಕಿಲೋಮೀಟರ್ ಕೊಡುತ್ತದೆ ಎಂಬ ಅರ್ಥ. ಇಲ್ಲಿ ಹೇಳುತ್ತಿರುವುದು ಅದಲ್ಲ, ಗಾಡಿ ಹುಟ್ಟಿದಾಗಿನಿಂದ ಒಟ್ಟು ಓಡಿದ ಕಿಲೋಮೀಟರ್. ಮಾರುವವರು ಎಷ್ಟೋ ಸಲ 'ಮೈಲೇಜ್ ಚಲೋ ಅದ' ಎಂದು ಒಂದಕ್ಕೆ ಉತ್ತರ ಕೊಟ್ಟು ಇನ್ನೊಂದನ್ನು ದಾಟಿಸಿಬಿಡುತ್ತಾರೆ. ಕೇಳುವಾಗ ಎರಡನ್ನೂ ಬೇರೆ ಬೇರೆಯಾಗಿಯೇ ಕೇಳುವುದು ಒಳ್ಳೇದು.

ಟಿಕೋಟಾ, ಬಬಲೇಶ್ವರ ಭಾಗ ದ್ರಾಕ್ಷಿ ಬೆಳೆಯುವ ಸೀಮೆ. ಒಣದ್ರಾಕ್ಷಿ ಮಾರಿದ ದುಡ್ಡು ಕೈಗೆ ಬಂದಾಗ ಹಲವು ಮನೆಗಳಲ್ಲಿ ಕಾರಿನ ಮಾತು ಬರುತ್ತದೆ. ಕಿರಾಣಿ, ಗೊಬ್ಬರ, ಬಟ್ಟೆ ಅಂಗಡಿಯವರಿಗೆ ವಿಜಯಪುರದಿಂದ ಸಾಮಾನು ತರಲು ಒಂದು ಗಾಡಿ ಬೇಕು. ವರ್ಷದ ಉಳಿತಾಯ ಒಂದೇ ದಿನ ಕೈ ಬಿಡುವ ವ್ಯವಹಾರ ಇದು. ಅದಕ್ಕೇ ಆ ಒಂದು ಅಂಕಿಯನ್ನು ಸುಮ್ಮನೆ ನಂಬುವಂತಿಲ್ಲ.

ಸರ್ಕಾರ ಬರೆದಿಡದ ಒಂದೇ ಅಂಕಿ

ಹಳೆ ಗಾಡಿಯ ಬೆಲೆ ಮುಖ್ಯವಾಗಿ ಮೂರು ಲೆಕ್ಕದ ಮೇಲೆ ನಿಂತಿದೆ: ಯಾವ ವರ್ಷದ್ದು, ಎಷ್ಟನೇ ಮಾಲೀಕರು, ಎಷ್ಟು ಓಡಿದೆ. ಮೊದಲ ಎರಡು ಆರ್‌ಸಿಯಲ್ಲಿ ಬರೆದಿರುತ್ತವೆ. ಆರ್‌ಟಿಒ ಕಚೇರಿಯಲ್ಲಿ ಬಿ-ಎಕ್ಸ್‌ಟ್ರಾಕ್ಟ್ ತೆಗೆಸಿದರೆ ಇನ್ನೂ ಖಚಿತ. ವರ್ಷ ಮುಚ್ಚಿಡುವುದು, ಮಾಲೀಕರ ಸಂಖ್ಯೆ ಕಡಿಮೆ ಹೇಳುವುದು ಇವತ್ತು ಸುಲಭವಿಲ್ಲ, ಮೊಬೈಲಿನಲ್ಲೇ ಸಿಕ್ಕಿಬೀಳುತ್ತದೆ. ಆದರೆ ಓಡಿದ ಕಿಲೋಮೀಟರಿಗೆ ಆರ್‌ಸಿಯಲ್ಲಿ ಜಾಗವೇ ಇಲ್ಲ. ಹಾಗಾಗಿ ಬೆಲೆ ಏರಿಸಬೇಕು ಎನ್ನುವವರ ಕೈ ಹೋಗುವುದು ಅಲ್ಲಿಗೇ.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಹೊಸ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಹೊಸದು ಅಗ್ಗವಾದಾಗ ಹಳೆಯದು ಹಳೇ ರೇಟಿಗೆ ಹೋಗುವುದು ಕಷ್ಟ. ಆಗ 'ಕಡಿಮೆ ಓಡಿದ ಗಾಡಿ' ಎಂಬ ಮಾತಿಗೆ ಇನ್ನಷ್ಟು ಬೆಲೆ. ಕೊಳ್ಳುವವರು ಎಚ್ಚರ ಹೆಚ್ಚಿಸಬೇಕಾದ ಕಾಲವೂ ಇದೇ.

ಗಡಿ ದಾಟಿದರೆ ಚರಿತ್ರೆ ಆಚೆಗೇ ಉಳಿಯುತ್ತದೆ

ಕನಮಡಿಯಿಂದ ಮಹಾರಾಷ್ಟ್ರದ ಜತ್ತ ತಾಲ್ಲೂಕು ಕೂಗಳತೆಯಲ್ಲಿದೆ. ವಿಜಯಪುರದ ಕೆಎ 28 ಗಾಡಿಗಳ ಜೊತೆ ಸಾಂಗ್ಲಿಯ ಎಂಎಚ್ 10, ಸೊಲ್ಲಾಪುರದ ಎಂಎಚ್ 13, ಪುಣೆಯ ಎಂಎಚ್ 12 ನಂಬರಿನ ಗಾಡಿಗಳೂ ಈ ಭಾಗದ ವ್ಯಾಪಾರಕ್ಕೆ ಬರುತ್ತವೆ. ಗಾಡಿ ಬರುತ್ತದೆ, ಆದರೆ ಅದರ ಚರಿತ್ರೆ ಆಚೆಗೇ ಉಳಿಯುತ್ತದೆ. ಸರ್ವಿಸ್ ಆದದ್ದು ಪುಣೆಯಲ್ಲಿ, ಮೊದಲ ಮಾಲೀಕರು ಸಾಂಗ್ಲಿಯಲ್ಲಿ, ನಡುವೆ ಇಬ್ಬರು ಏಜೆಂಟರು. ಊರಿನ ಗಾಡಿಯಾದರೆ ಯಾರು ಓಡಿಸಿದರು, ಎಲ್ಲೆಲ್ಲಿ ತಿರುಗಿತು ಎಂದು ನಾಲ್ಕು ಜನರನ್ನು ಕೇಳಬಹುದು. ಹೊರಗಿನ ಗಾಡಿಗೆ ಕಾಗದವೇ ಸಾಕ್ಷಿ.

ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಪಡೆಯಬೇಕು ಎಂದು 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 47 ಹೇಳುತ್ತದೆ. ಅದಕ್ಕೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಬೇಕು, ಇಲ್ಲಿ ತೆರಿಗೆ ಕಟ್ಟಬೇಕು. ಎನ್‌ಒಸಿ ಇದೆ ಎಂದ ಮಾತ್ರಕ್ಕೆ ಮೀಟರ್ ಖರೆ ಎಂದಲ್ಲ. ಅದು ನಂಬರಿನ ಕಾಗದ, ಕಿಲೋಮೀಟರಿನದಲ್ಲ. ಇವೆರಡನ್ನೂ ಒಂದೇ ಎಂದು ತಿಳಿಯುವವರು ಬಹಳ.

ಮೀಟರ್ ಹಿಂದಕ್ಕೆ ಹೋದರೆ ನಷ್ಟ ಯಾರಿಗೆ?

ಮೊದಲು ಕೇಬಲ್ ಮೀಟರ್ ಇತ್ತು. ಕೇಬಲ್ ಬಿಚ್ಚಿಟ್ಟು ಓಡಿಸುತ್ತಿದ್ದರು. ಈಗಿನ ಡಿಜಿಟಲ್ ಮೀಟರಿನಲ್ಲಿ ಅಂಕಿ ಚಿಪ್ಪಿನೊಳಗೆ ಇರುತ್ತದೆ, ಅದನ್ನೂ ಬದಲಿಸುವ ಉಪಕರಣಗಳಿವೆ. ಡಿಜಿಟಲ್ ಎಂದ ಕೂಡಲೇ ಭದ್ರ ಎಂದು ನಂಬುವಂತಿಲ್ಲ.

ಹೆಚ್ಚು ದುಡ್ಡು ಕೊಟ್ಟದ್ದು ಮೊದಲ ನಷ್ಟ. ಎರಡನೆಯದು ಆಮೇಲೆ ಗೊತ್ತಾಗುತ್ತದೆ. ಗೇರ್ ಆಯಿಲ್, ಕೂಲಂಟ್, ಟೈಮಿಂಗ್ ಬೆಲ್ಟ್ ಎಲ್ಲವನ್ನೂ ಕಂಪನಿ ಇಂತಿಷ್ಟು ಕಿಲೋಮೀಟರಿಗೆ ಅಥವಾ ಇಂತಿಷ್ಟು ವರ್ಷಕ್ಕೆ ಬದಲಿಸಿ ಎಂದು ಹೇಳಿರುತ್ತದೆ. ಒಂದು ಲಕ್ಷ ದಾಟಿದ ಗಾಡಿ ನಲವತ್ತೈದು ಸಾವಿರ ತೋರಿಸಿದರೆ ಹೊಸ ಮಾಲೀಕರು 'ಇನ್ನೂ ಟೈಮ್ ಅದ' ಎಂದುಕೊಳ್ಳುತ್ತಾರೆ. ಬೆಲ್ಟ್ ಇರುವ ಇಂಜಿನ್‌ನಲ್ಲಿ ಅದು ದಾರಿಯಲ್ಲಿ ಹರಿದರೆ ಇಂಜಿನ್ನೇ ಕೆಲಸಕ್ಕೆ ಬಾರದಂತೆ ಆಗಬಹುದು. ಬ್ರೇಕ್, ಸಸ್ಪೆನ್ಷನ್ ವಿಷಯದಲ್ಲಿ ಇದು ಜೀವದ ಪ್ರಶ್ನೆ.

ಮೊದಲು ಬಾಯಿ ಲೆಕ್ಕ

ಎಂಟು ವರ್ಷದ ಹಳೆಯ ಡೀಸೆಲ್ ಕಾರು 45,000 ಕಿ.ಮೀ. ತೋರಿಸುತ್ತಿದೆ ಎನ್ನೋಣ. ವರ್ಷಕ್ಕೆ 5,600 ಕಿ.ಮೀ. ಆಯಿತು, ದಿನಕ್ಕೆ ಸುಮಾರು 15. ಟಿಕೋಟಾದಿಂದ ವಿಜಯಪುರಕ್ಕೆ ಸುಮಾರು 20 ಕಿ.ಮೀ. ಹೋಗಿ ಬಂದರೆ 40. ವರ್ಷಕ್ಕೆ 300 ದಿನ ಹಾಗೆ ಓಡಾಡಿದರೆ 12,000, ಎಂಟು ವರ್ಷಕ್ಕೆ 96,000. ಬಾಡಿಗೆಗೆ ಓಡಿದ ಗಾಡಿ ದಿನಕ್ಕೆ 150 ಕಿ.ಮೀ. ಓಡಿದರೂ 300 ದಿನದಲ್ಲಿ 45,000 ಮುಗಿಯುತ್ತದೆ. ಎಂಟು ವರ್ಷದ್ದು ಎಂದು ತೋರಿಸುವ ಅಂಕಿ ಒಂದೇ ವರ್ಷದ ಓಟ ಇರಬಹುದು.

ಹೆಚ್ಚು ಓಡಾಟ ಇರುವವರೇ ಸಾಮಾನ್ಯವಾಗಿ ಹೆಚ್ಚಿನ ಬೆಲೆ ಕೊಟ್ಟು ಡೀಸೆಲ್ ಗಾಡಿ ಕೊಳ್ಳುತ್ತಾರೆ. ದಿನಕ್ಕೆ 15 ಕಿ.ಮೀ. ಓಡಿಸಲು ಡೀಸೆಲ್ ಯಾಕೆ ಬೇಕಿತ್ತು ಎಂದು ಕೇಳಬಹುದು. ಸರಿಯಾದ ಉತ್ತರ ಇರಲೂಬಹುದು: ನಿವೃತ್ತರ ಗಾಡಿ, ಮಗ ಬೆಂಗಳೂರಿನಲ್ಲಿ, ಮದುವೆ-ಮುಂಜಿಗೆ ಮಾತ್ರ ತೆಗೆಯುತ್ತಿದ್ದರು. ಲೆಕ್ಕದಿಂದ ಯಾರೂ ಕಳ್ಳರಾಗುವುದಿಲ್ಲ. ಯಾವ ಪ್ರಶ್ನೆ ಕೇಳಬೇಕು ಎಂಬುದಷ್ಟೇ ಲೆಕ್ಕದಿಂದ ತಿಳಿಯುತ್ತದೆ.

ಕಾಗದ ಮಾತಾಡಲಿ

ಬಲವಾದ ಸಾಕ್ಷಿ ಸರ್ವಿಸ್ ದಾಖಲೆ. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಗಾಡಿ ಬಿಟ್ಟಾಗಲೆಲ್ಲ ಜಾಬ್ ಕಾರ್ಡಿನಲ್ಲಿ ತಾರೀಖು, ಕಿಲೋಮೀಟರ್ ಎರಡೂ ಬರೆಯುತ್ತಾರೆ. ಮಾಲೀಕರನ್ನೇ ಜೊತೆಗೆ ಕರೆದುಕೊಂಡು ಅದೇ ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ ಹಳೇ ದಾಖಲೆ ತೋರಿಸಲು ಕೇಳಬೇಕು. 2021ರಲ್ಲಿ 80,000 ಎಂದು ಬರೆದಿರುವ ಗಾಡಿ ಇಂದು 52,000 ತೋರಿಸಿದರೆ ಮುಂದೆ ಮಾತೇ ಬೇಡ. ದಾಖಲೆ ಮೂರನೇ ವರ್ಷಕ್ಕೇ ನಿಂತುಹೋಗಿದ್ದರೆ, ಆಮೇಲೆ ಎಲ್ಲಿ ರಿಪೇರಿ ಆಯಿತು, ಆ ಗ್ಯಾರೇಜಿನ ಬಿಲ್ ಎಲ್ಲಿ ಎಂದು ಕೇಳಬೇಕು. ಮೀಟರ್ ಕೆಟ್ಟು ಹೊಸದು ಹಾಕಿಸಿದ್ದರೆ ಅದಕ್ಕೂ ಬಿಲ್ ಇರಬೇಕು.

ಎರಡನೆಯದು ಟೋಲ್. ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಗಾಡಿ ಎಲ್ಲೆಲ್ಲಿ ದಾಟಿತು ಎಂಬುದು ಮಾಲೀಕರ ಮೊಬೈಲಿನಲ್ಲೇ ಇದೆ. 'ಊರ ಬಿಟ್ಟು ಹೋಗಿಲ್ಲ' ಎನ್ನುವ ಗಾಡಿ ವಿಜಯಪುರ–ಸೊಲ್ಲಾಪುರ ಹೆದ್ದಾರಿಯ ಟೋಲನ್ನು ವಾರಕ್ಕೆ ನಾಲ್ಕು ಸಲ ದಾಟಿದ್ದರೆ ಕಥೆ ಬೇರೆ. ಮೂರನೆಯದು ಇ-ಚಲನ್. ನಂಬರ್ ಹಾಕಿ ನೋಡಿದರೆ ಯಾವ ಊರಿನಲ್ಲಿ ದಂಡ ಬಿದ್ದಿದೆ ಎಂಬುದು ತಿಳಿಯುತ್ತದೆ. ನಾಲ್ಕನೆಯದು ಆರ್‌ಟಿಒ ದಾಖಲೆ. ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾದ ಗಾಡಿಯೇ ಎಂದು ನೋಡಬೇಕು. ಬಾಡಿಗೆ ಗಾಡಿ ಆಗಿದ್ದರೆ ಕಡಿಮೆ ಓಡಿದೆ ಎಂಬ ಮಾತು ನಿಲ್ಲುವುದಿಲ್ಲ.

ಎತ್ತಿನ ಹಲ್ಲು ನೋಡಿದಂತೆ

ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಯಲ್ಲಿ ಎತ್ತಿನ ವಯಸ್ಸನ್ನು ಮಾರುವವರ ಬಾಯಿಂದ ಕೇಳಿ ಯಾರೂ ನಂಬುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾರೆ. ಗಾಡಿಗೂ ಹಲ್ಲು ಇದೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. 2017ರ ಗಾಡಿ, 30,000 ಓಡಿದೆ ಎನ್ನುತ್ತಾರೆ, ಆದರೆ ನಾಲ್ಕೂ ಟೈರ್ 2021ರವು. ಮೊದಲಿನ ಟೈರ್ ಅಷ್ಟು ಬೇಗ ಯಾಕೆ ಸವೆದವು? ಡಿಕ್ಕಿಯಲ್ಲಿರುವ ಸ್ಟೆಪ್ನಿಯ ತಾರೀಖನ್ನೂ ನೋಡಬೇಕು.

ಕ್ಲಚ್, ಬ್ರೇಕ್ ಪೆಡಲಿನ ರಬ್ಬರ್ ನುಣುಪಾಗಿದೆಯೇ? ಸ್ಟೇರಿಂಗ್ ಹೊಳೆಯುತ್ತಿದೆಯೇ? ಡ್ರೈವರ್ ಸೀಟಿನ ಹೊರಬದಿ ಕುಸಿದಿದೆಯೇ? ಬ್ರೇಕ್ ಡಿಸ್ಕಿನ ಅಂಚಿನಲ್ಲಿ ಏಣು ಎದ್ದಿದೆಯೇ? ಬಾನೆಟ್ ಒಳಗೆ, ಬಾಗಿಲ ಸಂದಿಯಲ್ಲಿ ಆಯಿಲ್ ಬದಲಿಸಿದ ಹಳೇ ಸ್ಟಿಕ್ಕರ್ ಇದೆಯೇ? ಹೊಸ ಸೀಟ್ ಕವರ್, ಹೊಸ ಪೆಡಲ್ ರಬ್ಬರ್, ಹೊಸ ಸ್ಟೇರಿಂಗ್ ಕವರ್ ಮೂರೂ ಒಟ್ಟಿಗೆ ಕಂಡರೆ ಖುಷಿಪಡುವ ಬದಲು ಅವುಗಳ ಕೆಳಗೆ ಏನಿದೆ ಎಂದು ನೋಡಬೇಕು.

ಗುರುತಿನ ಮಿಸ್ತ್ರಿಯನ್ನು ಕರೆದೊಯ್ದು ಸ್ಕ್ಯಾನರ್ ಹಚ್ಚಿಸಿದರೆ ಇನ್ನೂ ಚಲೋ. ಕೆಲವು ಗಾಡಿಗಳಲ್ಲಿ ಮೀಟರ್ ಅಲ್ಲದೆ ಬೇರೆ ಕಂಪ್ಯೂಟರ್ ಭಾಗಗಳಲ್ಲೂ ಓಡಿದ ಲೆಕ್ಕ ಉಳಿದಿರುತ್ತದೆ. ಎರಡೂ ಹೊಂದದಿದ್ದರೆ ಮೋಸ ಬಯಲು. ಹೊಂದಿದರೂ ಅದೊಂದೇ ಪುರಾವೆ ಅಲ್ಲ, ಎಲ್ಲ ಗಾಡಿಯಲ್ಲೂ ಈ ಸೌಲಭ್ಯ ಇರುವುದಿಲ್ಲ, ಇದ್ದದ್ದನ್ನೂ ತಿದ್ದಿರಬಹುದು. ಒಂದೇ ಗುರುತು ನೋಡಿ ತೀರ್ಪು ಕೊಡಬಾರದು. ಒರಟು ರಸ್ತೆ, ಧೂಳು, ಬಿಸಿಲಿಗೆ ಖರೇನೇ ಕಡಿಮೆ ಓಡಿದ ಗಾಡಿಯೂ ಸವೆದಂತೆ ಕಾಣಬಹುದು. ಮೂರು-ನಾಲ್ಕು ಗುರುತು ಒಂದೇ ಕಡೆ ಬೆರಳು ತೋರಿಸಿದರೆ ಮಾತ್ರ ಅನುಮಾನ ಗಟ್ಟಿ.

ಹೆಚ್ಚು ಓಡಿದ್ದೆಲ್ಲ ಕೆಟ್ಟದ್ದಲ್ಲ

ಈ ಮೋಸಕ್ಕೆ ಕೊಳ್ಳುವವರ ಮನಸ್ಸೂ ಒಂದು ಕಾರಣ. ಒಂದು ಲಕ್ಷ ಎಂದ ಕೂಡಲೇ ಮುಖ ತಿರುಗಿಸುತ್ತಾರೆ. ನಿಜ ಹೇಳಿದವರ ಗಾಡಿ ನಿಲ್ಲುತ್ತದೆ, ಸುಳ್ಳು ಹೇಳಿದವರದು ಹೋಗುತ್ತದೆ. ಹೆದ್ದಾರಿಯಲ್ಲಿ ಓಡಿ, ಸಮಯಕ್ಕೆ ಸರ್ವಿಸ್ ಆಗಿ, ಬಿಲ್ ಸಮೇತ ಬಂದ 1.10 ಲಕ್ಷದ ಗಾಡಿ, ಚರಿತ್ರೆಯೇ ಇಲ್ಲದ 45,000ದ ಗಾಡಿಗಿಂತ ಮೇಲು. ಮೊದಲನೆಯದರಲ್ಲಿ ಮುಂದೆ ಏನು ಖರ್ಚು ಬರುತ್ತದೆ ಎಂದು ಲೆಕ್ಕ ಹಾಕಬಹುದು. ನಿಂತೇ ಇದ್ದ ಗಾಡಿಯಲ್ಲೂ ಟೈರ್, ರಬ್ಬರ್ ಪೈಪ್, ಬ್ಯಾಟರಿ ವಯಸ್ಸಿಗೆ ಕೆಡುತ್ತವೆ.

ನಿಯಮ ಇದೆ, ಆದರೆ ಎಲ್ಲರಿಗೂ ತಾಗುವುದಿಲ್ಲ

ಕೇಂದ್ರ ಸಾರಿಗೆ ಸಚಿವಾಲಯ 2022ರ ಡಿಸೆಂಬರಿನಲ್ಲಿ ಹೊರಡಿಸಿದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಹಳೆ ಗಾಡಿ ಮಾರುವ ಡೀಲರ್ ಸಾರಿಗೆ ಇಲಾಖೆಯಿಂದ ಅಧಿಕೃತ ಪತ್ರ ಪಡೆಯಬೇಕು. ಮಾಲೀಕರು ಗಾಡಿ ಒಪ್ಪಿಸಿದ್ದನ್ನು ಇಲಾಖೆಗೆ ತಿಳಿಸಬೇಕು. ಡೀಲರ್ ಕೈಯಲ್ಲಿರುವಾಗ ಗಾಡಿ ಯಾವ ಕೆಲಸಕ್ಕೆ, ಯಾರಿಂದ, ಎಷ್ಟು ಕಿಲೋಮೀಟರ್ ಓಡಿತು ಎಂಬ ರಿಜಿಸ್ಟರ್ ಇಡಬೇಕು. ಇದು ಒಳ್ಳೆಯ ಹೆಜ್ಜೆ. ಆದರೆ ಇದು ಡೀಲರ್ ಕೈಗೆ ಬಂದ ನಂತರದ ಲೆಕ್ಕ, ಮೊದಲಿನದಲ್ಲ. ಚಹಾ ಅಂಗಡಿಯ ಮುಂದೆ ಏಜೆಂಟರ ಮೂಲಕ ಕೈಯಿಂದ ಕೈಗೆ ಆಗುವ ವ್ಯಾಪಾರ ಈ ರಿಜಿಸ್ಟರಿನೊಳಗೆ ಬರುವುದೇ ಇಲ್ಲ.

ಇದು ಇಲ್ಲಿನ ರೋಗ ಮಾತ್ರ ಅಲ್ಲ. ಅಮೆರಿಕದಲ್ಲಿ ವರ್ಷಕ್ಕೆ 4.5 ಲಕ್ಷಕ್ಕೂ ಹೆಚ್ಚು ಗಾಡಿಗಳು ಸುಳ್ಳು ಮೀಟರಿನಲ್ಲಿ ಮಾರಾಟವಾಗುತ್ತವೆ ಎಂದು ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಅಂದಾಜು. ಬೆಲ್ಜಿಯಂನಲ್ಲಿ 2006ರಿಂದ ಗ್ಯಾರೇಜಿನವರು ಕಿಲೋಮೀಟರನ್ನು ಒಂದೇ ಕಡೆ ದಾಖಲಿಸಬೇಕು. ಮಾರುವವರು ಆ ಪ್ರಮಾಣಪತ್ರ ಕೊಡದಿದ್ದರೆ ಕೊಂಡವರು ವ್ಯಾಪಾರ ರದ್ದು ಮಾಡಿಸಬಹುದು. ನಮ್ಮಲ್ಲೂ ಪ್ರತಿ ಸರ್ವಿಸಿನಲ್ಲಿ, ಪ್ರತಿ ವರ್ಗಾವಣೆಯಲ್ಲಿ ಒಂದು ಅಂಕಿ ಸರ್ಕಾರಿ ದಾಖಲೆಗೆ ಸೇರಿದರೆ ಅರ್ಧ ಜಗಳ ಮುಗಿಯುತ್ತದೆ.

ಬಾಂಡಿನಲ್ಲಿ ಒಂದು ಸಾಲು

ಅದು ಆಗುವವರೆಗೆ ಕೊಳ್ಳುವವರ ಕೈಯಲ್ಲಿರುವ ಅಗ್ಗದ ಆಯುಧ ಬಾಂಡ್ ಪೇಪರ್. ಈಗ ಬರೆಸುವ ಬಾಂಡುಗಳಲ್ಲಿ 'ಗಾಡಿ ಇದ್ದ ಸ್ಥಿತಿಯಲ್ಲಿ ಪಡೆದಿರುತ್ತೇನೆ, ಮುಂದೆ ಯಾವ ತಕರಾರು ಇರುವುದಿಲ್ಲ' ಎಂಬ ಸಾಲು ರೂಢಿ. ಆ ಸಾಲಿಗೆ ಸಹಿ ಹಾಕಿದರೆ ಮುಂದಿನ ಹೋರಾಟ ಕಷ್ಟ. ಅದರ ಜಾಗದಲ್ಲಿ ಅಥವಾ ಅದರ ಜೊತೆಗೆ ಇನ್ನೊಂದು ಬರೆಸಬೇಕು: ಈ ತಾರೀಖಿಗೆ ಮೀಟರ್ ಇಷ್ಟು ಕಿ.ಮೀ. ತೋರಿಸುತ್ತಿದೆ, ಇದು ನಿಜವಾದ ಓಟ, ಮೀಟರ್ ತಿದ್ದಿಲ್ಲ, ತಿದ್ದಿದ್ದು ಸಾಬೀತಾದರೆ ಗಾಡಿ ವಾಪಸ್ ಪಡೆದು ಹಣ ಕೊಡುತ್ತೇನೆ. ಮೀಟರಿನ ಫೋಟೊ ತೆಗೆದಿಟ್ಟುಕೊಳ್ಳಬೇಕು. ಹಣವನ್ನು ನಗದು ಬಿಟ್ಟು ಬ್ಯಾಂಕ್ ಮೂಲಕ ಕೊಡಬೇಕು.

ಡೀಲರ್ ಹತ್ತಿರ ಕೊಂಡು ಮೋಸ ಹೋದವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಖಾಸಗಿಯವರಿಂದ ಕೊಂಡಿದ್ದರೆ ದಾರಿ ವಂಚನೆಯ ದೂರು ಅಥವಾ ಸಿವಿಲ್ ಕೋರ್ಟ್. ಎಲ್ಲಿ ಹೋದರೂ ಮೊದಲು ಕೇಳುವುದು 'ಬರವಣಿಗೆ ಏನ್ ಅದ?' ಎಂದೇ.

ಈ ಸಾಲು ಪ್ರಾಮಾಣಿಕ ಡೀಲರುಗಳಿಗೂ ಒಳ್ಳೇದು. ಮೀಟರ್ ಖರೆ ಇದ್ದವರಿಗೆ ಅದನ್ನು ಬರೆದುಕೊಡಲು ಅಂಜಿಕೆ ಇರುವುದಿಲ್ಲ. 'ಸಾವಕಾರ್ರ, ಕಿಲೋಮೀಟರ್ ಬಾಂಡಿನ್ಯಾಗ ಬರದ ಕೊಡ್ರಿ' ಎಂದು ಮುಂಗಡ ಕೊಡುವ ಮೊದಲೇ ಕೇಳಿ ನೋಡಬೇಕು. ಕೂಡಲೇ ಪೆನ್ ತೆಗೆಯುವವರ ಜೊತೆ ರೇಟು ಮಾತಾಡಬಹುದು. 'ಅದೆಲ್ಲಾ ಬರಿಯೂದು ಪದ್ಧತಿ ಇಲ್ರಿ' ಎನ್ನುವವರ ಗಾಡಿ ಎಷ್ಟೇ ಹೊಳೆಯುತ್ತಿದ್ದರೂ, ದುಡ್ಡು ಜೇಬಿನಲ್ಲಿ ಇರುವಾಗಲೇ ಎದ್ದು ಬರುವುದು ಕ್ಷೇಮ.