ಕೊಂಡದ್ದನ್ನು ಒಯ್ಯಲು ಯಾರ ಅಪ್ಪಣೆ ಬೇಕು?

"ಫೈಲೆಲ್ಲ ಬಂದವು ಸಾರ್. ಆಫೀಸ್ ಬರಲ್ಲ," ಎಂದ ರಿಪೇರಿ ಹುಡುಗ.

"ಯಾಕೆ ಬರಲ್ಲ? ಅದೂ ಅದೇ ಡಿಸ್ಕಿನಲ್ಲೇ ಇತ್ತಲ್ಲಪ್ಪ?"

"ಇತ್ತು ಸಾರ್. ಆದ್ರೆ ಅದು ಕಾಪಿ ಮಾಡೋ ಐಟಂ ಅಲ್ಲ."

ತಾಲ್ಲೂಕು ಕಚೇರಿಯ ಎದುರು ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಕ್ರಯಪತ್ರದ ಕರಡು, ಬಿಎಡ್ ಮಕ್ಕಳ ಪ್ರಾಜೆಕ್ಟು, ನಿವೃತ್ತ ಮೇಷ್ಟರುಗಳ ಕವನ ಸಂಕಲನ, ಇವೇ ನನ್ನ ಅನ್ನ. ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಒಂದು ತಿಂಗಳಿನಿಂದ ಟಿಕ್ ಟಿಕ್ ಎನ್ನುತ್ತಿತ್ತು. ನಾನು ಅದನ್ನು ಫ್ಯಾನಿನ ಸದ್ದು ಎಂದುಕೊಂಡು ಸುಮ್ಮನಿದ್ದೆ. ಆಮೇಲೆ ಹೊಸ ಡಿಸ್ಕ್ ತಂದೆ. ಹುಡುಗ ಮೊದಲು ಕ್ಲೋನ್ ಮಾಡಲು ನೋಡಿದ. ಅಂದರೆ ಹಳೆಯ ಡಿಸ್ಕಿನಲ್ಲಿ ಇದ್ದದ್ದನ್ನೆಲ್ಲ ಇದ್ದಂತೆಯೇ ಹೊಸದಕ್ಕೆ ಇಳಿಸುವುದು. ಅದು ಆಗಿದ್ದರೆ ವಿಂಡೋಸೂ ಬರುತ್ತಿತ್ತು, ಆಫೀಸೂ ಬರುತ್ತಿತ್ತು, ಈ ಲೇಖನವೂ ಇರುತ್ತಿರಲಿಲ್ಲ. ಆದರೆ ಡಿಸ್ಕ್ ಅಲ್ಲಲ್ಲಿ ಕೆಟ್ಟಿತ್ತು, ಕೆಲಸ ಅರ್ಧಕ್ಕೆ ನಿಂತಿತು. (ನಿಮ್ಮ ಡಿಸ್ಕ್ ಇನ್ನೂ ಸದ್ದು ಮಾಡದೆ ಇದ್ದರೆ ಈ ವಾರವೇ ಕ್ಲೋನ್ ಮಾಡಿಸಿಟ್ಟುಕೊಳ್ಳಿ. ಸದ್ದು ಶುರುವಾದ ಮೇಲೆ ತಡವಾಗುತ್ತದೆ.)

ಹಟ ಬಿಡದೆ ಆಫೀಸ್ ಇದ್ದ ಫೋಲ್ಡರನ್ನೇ ಹೊತ್ತು ತಂದು ಹೊಸ ಡಿಸ್ಕಿಗೆ ಹಾಕಿಸಿದೆ. ಐಕಾನ್ ಒತ್ತಿದರೆ ಏನೋ ಒಂದು ಕಡತ ಇಲ್ಲವೆಂಬ ದೂರು. ಇದರಲ್ಲಿ ಗುಟ್ಟೇನಿಲ್ಲ. ಇಂಥ ತಂತ್ರಾಂಶವನ್ನು ಇನ್‌ಸ್ಟಾಲ್ ಮಾಡುವಾಗ ಅದು ಒಂದೇ ಕೋಣೆಯಲ್ಲಿ ಇಳಿದುಕೊಳ್ಳುವುದಿಲ್ಲ. ವಿಂಡೋಸಿನ ರಿಜಿಸ್ಟ್ರಿಯಲ್ಲಿ ನೂರಾರು ಕಡೆ ತನ್ನ ಹೆಸರು ಬರೆಸುತ್ತದೆ, ಬೇರೆ ಫೋಲ್ಡರುಗಳಲ್ಲಿ ತನ್ನ ತುಂಡುಗಳನ್ನು ಇಡುತ್ತದೆ. ನಾನೇ ವರ್ಷಗಟ್ಟಲೆ ಕೂಡಿಸಿದ ಪದಪಟ್ಟಿ, ನಾನೇ ಮಾಡಿದ ಕ್ರಯಪತ್ರದ ಟೆಂಪ್ಲೇಟು ಕೂಡ ಆ್ಯಪ್‌ಡೇಟಾ ಎಂಬ, ಸಾಮಾನ್ಯವಾಗಿ ಕಣ್ಣಿಗೇ ಕಾಣದಂತೆ ಇಟ್ಟಿರುವ ಫೋಲ್ಡರಿನ ಒಳಗಿದ್ದವು. ಪುಣ್ಯಕ್ಕೆ ಹುಡುಗನಿಗೆ ಆ ಜಾಗ ಗೊತ್ತಿತ್ತು.

ಹಾಗಾದರೆ ಹೊಸದಾಗಿ ಇನ್‌ಸ್ಟಾಲ್ ಮಾಡಬೇಕು. ಅದಕ್ಕೆ ಇಪ್ಪತ್ತೈದು ಅಕ್ಷರಗಳ ಕೀಲಿ ಬೇಕು. ನಾನು ಕೊಂಡ ಡಬ್ಬಿಯಲ್ಲಿ ಸಿಡಿ ಇರಲಿಲ್ಲ, ಒಂದು ಕಾರ್ಡು ಇತ್ತು. ಎರಡು ದಿನ ಹುಡುಕಿದ ಮೇಲೆ ಎಲ್ಐಸಿ ಬಾಂಡುಗಳ ನಡುವೆ ಸಿಕ್ಕಿತು. ಹಿಂದೆ ನಾಣ್ಯದಿಂದ ಕೆರೆದಾಗ ಒಂದು ಅಕ್ಷರವೂ ಕೆರೆದುಹೋಗಿತ್ತು. ಬಿ ಇರಬಹುದು, ಎಂಟು ಇರಬಹುದು. ಬಿ ಹಾಕಿದೆ, ಒಪ್ಪಲಿಲ್ಲ. ಎಂಟು ಹಾಕಿದೆ, ಒಪ್ಪಿತು. ಒಪ್ಪಿದ ಮೇಲೆ ಹೇಳಿತು: ಈ ಕೀಲಿಯನ್ನು ಬಳಸಬಹುದಾದಷ್ಟು ಸಲ ಬಳಸಿಯಾಗಿದೆ.

ಫೋನ್ ಮಾಡಿದೆ. ಅತ್ತ ಕಡೆ ಒಂದು ಯಂತ್ರ. ಪರದೆಯ ಮೇಲಿನ ಅಂಕಿಗಳ ಗುಂಪುಗಳನ್ನು ಒಂದೊಂದಾಗಿ ಓದಿಸಿತು. ಈ ತಂತ್ರಾಂಶ ಎಷ್ಟು ಕಂಪ್ಯೂಟರುಗಳಲ್ಲಿದೆ ಎಂದು ಕೇಳಿತು. ಒಂದು, ಎಂದೆ. ಸತ್ಯವನ್ನೇ ಹೇಳಿದ್ದೆ. ಅದೇ ಮದರ್‌ಬೋರ್ಡು, ಅದೇ ಕೀಬೋರ್ಡು, ಅದೇ ಮೇಜು; ಬದಲಾದದ್ದು ಡಿಸ್ಕ್ ಮಾತ್ರ. ಯಂತ್ರ ಒಪ್ಪಲಿಲ್ಲ. ಕೊನೆಗೆ ಸಿಕ್ಕ ಮನುಷ್ಯ ಬಹಳ ಮರ್ಯಾದೆಯಿಂದ, ನಿಮ್ಮ ಆವೃತ್ತಿಗೆ ಬೆಂಬಲ ನಿಂತಿದೆ, ವಾರ್ಷಿಕ ಚಂದಾ ಯೋಜನೆ ಇದೆ ನೋಡಿ, ಎಂದ. ಅವನ ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ವ್ಯಾಪಾರದಲ್ಲಿ ಅನೇಕರದು ಇದೇ ರಾಗ.

ರಿಪೇರಿ ಹುಡುಗ ಎಲ್ಲವನ್ನೂ ನೋಡುತ್ತ ನಿಂತಿದ್ದ. "ಬಿಡಿ ಸಾರ್, ಮುನ್ನೂರು ರೂಪಾಯಿ ಕೊಡಿ, ಕ್ರ್ಯಾಕ್ ಹಾಕ್ಕೊಡ್ತೀನಿ. ಊರಲ್ಲಿ ಎಲ್ರೂ ಅದೇ ಹಾಕ್ಸಿರೋದು."

ನನಗೆ ಸಿಟ್ಟು ಬಂದದ್ದು ಇಲ್ಲಿ. ಹುಡುಗನ ಮೇಲಲ್ಲ. ದುಡ್ಡು ಕೊಟ್ಟು ಕೊಂಡವನು ಎರಡು ದಿನ ಕಾರ್ಡು ಹುಡುಕಬೇಕು, ಯಂತ್ರದ ಮುಂದೆ ಪಾಠ ಒಪ್ಪಿಸಬೇಕು, ಕಳ್ಳನ ಹಾಗೆ ಪ್ರಶ್ನೆಗೆ ಉತ್ತರಿಸಬೇಕು. ಕದ್ದವನು ಹತ್ತು ನಿಮಿಷದಲ್ಲಿ ಕೆಲಸ ಶುರು ಮಾಡುತ್ತಾನೆ. ಕಳ್ಳತನ ತಡೆಯಲು ಹಾಕಿದ ಬೀಗ ಯಾರನ್ನು ಹೊರಗೆ ನಿಲ್ಲಿಸಿದೆ?

ನಾನು ಕ್ರ್ಯಾಕ್ ಹಾಕಿಸಲಿಲ್ಲ. ಇದರಲ್ಲಿ ದೊಡ್ಡ ಧರ್ಮವೇನೂ ಇಲ್ಲ. ಜನರ ಕ್ರಯಪತ್ರ ಟೈಪ್ ಮಾಡುವ ಕಂಪ್ಯೂಟರಿನಲ್ಲಿ ಯಾರೋ ಬರೆದ ಗುಪ್ತ ಪ್ರೋಗ್ರಾಂ ಕೂರಿಸಲು ಭಯ, ಅಷ್ಟೆ. ಇನ್ನೊಂದು ಕಾರಣವೂ ಇದೆ. ಊರಿಗೆ ಊರೇ ಕ್ರ್ಯಾಕ್ ಹಾಕಿಸಿಕೊಂಡಿರುವುದರಿಂದಲೇ ಈ ಬೀಗದ ಬಗ್ಗೆ ಯಾರೂ ಜಗಳ ತೆಗೆಯುತ್ತಿಲ್ಲ.

ಜಗಳಕ್ಕೆ ಕಾರಣವಂತೂ ಇದೆ. ನನ್ನ ಬಿಲ್ಲಿನಲ್ಲಿ ವ್ಯಾಟ್ ಎಂದು ಬೇರೆಯೇ ಒಂದು ಸಾಲಿದೆ. ಸರಕು ಮಾರಿದ್ದಕ್ಕೆ ಹಾಕುವ ತೆರಿಗೆ ಅದು. ಡಬ್ಬಿಯಲ್ಲಿ ಮಾರುವ ಸಿದ್ಧ ತಂತ್ರಾಂಶ ಸರಕೇ ಎಂದು ಸುಪ್ರೀಂ ಕೋರ್ಟು 2004ರಲ್ಲಿ, ಟಾಟಾ ಕನ್ಸಲ್ಟೆನ್ಸಿ ಮತ್ತು ಆಂಧ್ರಪ್ರದೇಶ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ ಹೇಳಿತು. 2021ರ ಮಾರ್ಚಿನಲ್ಲಿ ಮತ್ತೆ, ಕರ್ನಾಟಕ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕುತ್ತ, ವಿದೇಶಿ ಕಂಪನಿಯಿಂದ ತಂತ್ರಾಂಶ ತರಿಸಿ ಕೊಟ್ಟ ಹಣ ಸರಕಿನ ಬೆಲೆಯೇ ಹೊರತು ರಾಯಧನವಲ್ಲ ಎಂದಿತು. ಈ ಎರಡೂ ತೆರಿಗೆಯ ಮೊಕದ್ದಮೆಗಳು, ನನ್ನಂಥವನಿಗೆ ಡಿಸ್ಕ್ ಬದಲಾಯಿಸುವ ಹಕ್ಕನ್ನು ಅವು ಕೊಡುವುದಿಲ್ಲ, ಗೊತ್ತು. ಆದರೂ ಕೇಳಬೇಕು. ತೆರಿಗೆ ಹಾಕುವಾಗ ಅದು ಸರಕು. ನಾನು ಎತ್ತಿಕೊಂಡು ಹೋಗಲು ಬಂದಾಗ ಮಾತ್ರ "ಇದನ್ನು ನಿಮಗೆ ಮಾರಿಲ್ಲ, ಬಳಸಲು ಪರವಾನಗಿ ಕೊಟ್ಟಿದೆ" ಎಂಬ, ನಾನು ಓದದೆ ಒಪ್ಪಿದ ಕರಾರು. ಅಕ್ಕಿ ಮೂಟೆ ಕೊಂಡವನಿಗೆ ಯಾವ ಅಂಗಡಿಯವನೂ ಈ ಪಾತ್ರೆಯಲ್ಲಿ ಮಾತ್ರ ಬೇಯಿಸು ಅನ್ನುವುದಿಲ್ಲ. ಯುರೋಪಿನ ನ್ಯಾಯಾಲಯ 2012ರಲ್ಲಿ, ಶಾಶ್ವತ ಬಳಕೆಗೆಂದು ದುಡ್ಡು ತೆಗೆದುಕೊಂಡು ಕೊಟ್ಟ ತಂತ್ರಾಂಶವನ್ನು ಕೊಂಡವನು ಇನ್ನೊಬ್ಬರಿಗೆ ಮಾರಲೂಬಹುದು ಎಂದಿತು. ನಾನು ಮಾರಲು ಹೊರಟವನಲ್ಲ. ನನ್ನ ಡಿಸ್ಕಿನಿಂದ ನನ್ನ ಡಿಸ್ಕಿಗೆ ತರಲು ಹೊರಟವನು.

ತಂತ್ರಾಂಶ ಬರೆದವರಿಗೆ ಸಂಬಳ ಬೇಡವೇ ಎಂದು ಗೆಳೆಯರೊಬ್ಬರು ಕೇಳಿದರು. ಅವರ ಮಗ ಬೆಂಗಳೂರಿನಲ್ಲಿ ಅದೇ ಕೆಲಸದಲ್ಲಿದ್ದಾನೆ. ಬೇಕು ಸ್ವಾಮಿ, ಅದನ್ನು ನಾನು ಕೊಟ್ಟಿದ್ದೇನಲ್ಲ. ನನ್ನ ಡಿಸ್ಕ್ ಕೆಟ್ಟದ್ದಕ್ಕೆ ಇನ್ನೊಂದು ಸಲ ಯಾಕೆ ಕೊಡಬೇಕು?

ಇದು ಯಂತ್ರಗಳ ನಿಯಮ, ಬದಲಾಗದು ಎನ್ನುವವರಿಗೆ ದಾಖಲೆಯಲ್ಲಿರುವ ಒಂದು ಪ್ರಸಂಗ ಹೇಳುತ್ತೇನೆ. ಆಫೀಸ್ 2013 ಬಂದಾಗ ಮೈಕ್ರೋಸಾಫ್ಟ್, ಅಂಗಡಿಯಲ್ಲಿ ಕೊಂಡ ಪ್ರತಿಯೂ ಮೊದಲು ಹಾಕಿದ ಒಂದೇ ಕಂಪ್ಯೂಟರಿಗೆ ಸೇರಿದ್ದು, ಬೇರೆಯದಕ್ಕೆ ಒಯ್ಯುವಂತಿಲ್ಲ ಎಂದು ಕರಾರು ಬರೆಯಿತು. ಬಳಕೆದಾರರು ಗಲಾಟೆ ಮಾಡಿದರು. ಅದೇ ವರ್ಷ ಮಾರ್ಚಿನಲ್ಲಿ ಕಂಪನಿ ಕರಾರು ತಿದ್ದಿತು: ನಿಮ್ಮದೇ ಇನ್ನೊಂದು ಕಂಪ್ಯೂಟರಿಗೆ ಒಯ್ಯಬಹುದು, 90 ದಿನಕ್ಕೆ ಒಂದು ಸಲ, ಯಂತ್ರ ಕೆಟ್ಟಿದ್ದರೆ ಆ ಮಿತಿಯೂ ಇಲ್ಲ. ಹಾರ್ಡ್ ಡಿಸ್ಕುಗಳು ಆ ತಿಂಗಳಲ್ಲಿ ಬದಲಾಗಲಿಲ್ಲ. ಕೇಳಿದವರು ಇದ್ದರು, ಅಷ್ಟೆ.

ಈಗಿನ ಉತ್ತರವೆಂದರೆ ಚಂದಾ. ಹೆಸರು ಹೇಳಿ ಒಳಗೆ ಹೋಗಿ, ಯಾವ ಡಿಸ್ಕಾದರೂ ಸರಿ. ಅನುಕೂಲವೇ. ಆದರೆ ಒಂದು ವರ್ಷ ಮಳೆ ಹೆಚ್ಚಾಗಿ ಮದುವೆ ಕಾಗದ ಕಡಿಮೆಯಾದರೆ, ಚಂದಾ ನಿಂತರೆ, ಇಪ್ಪತ್ತು ವರ್ಷದ ಕಡತಗಳನ್ನು ನೋಡಬಹುದು, ತಿದ್ದುವಂತಿಲ್ಲ. ಮೂವತ್ತು ವರ್ಷ ಬಾಡಿಗೆ ಮನೆಯಲ್ಲಿದ್ದವನಿಗೆ ಈ ವ್ಯವಸ್ಥೆಯನ್ನು ಯಾರೂ ವಿವರಿಸಬೇಕಾಗಿಲ್ಲ.

ಕೊನೆಗೆ ಲಿಬ್ರೆ ಆಫೀಸ್ ಹಾಕಿಸಿದೆ. ದುಡ್ಡಿಲ್ಲ, ಕೀಲಿಯಿಲ್ಲ, ಎಷ್ಟು ಡಿಸ್ಕಿಗೆ ಬೇಕಾದರೂ ಹಾಕಿಕೊಳ್ಳಬಹುದು. ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಇಂಥ ಮುಕ್ತ ತಂತ್ರಾಂಶಗಳಲ್ಲೇ ಕಲಿಯುತ್ತಾರೆ. ಹಳೆಯ ಕಡತಗಳು ತೆರೆದವು. ಕೋಷ್ಟಕಗಳು ಸ್ವಲ್ಪ ಸರಿದಿದ್ದವು, ಅದನ್ನು ತಿದ್ದಿಕೊಳ್ಳಬಹುದು.

ಆಮೇಲೆ ಮೇಷ್ಟರ ಪುಸ್ತಕ ತೆರೆದೆ. ನಮ್ಮ ಸೀಮೆಯ ಗದ್ದೆ, ಕೊಟ್ಟಿಗೆ, ಅಡುಗೆಮನೆಯ ಮಾತುಗಳನ್ನು ಅವರು ಜೀವಮಾನವಿಡೀ ಕೂಡಿಹಾಕಿದ್ದರು. 2009ರಲ್ಲಿ ನಾನೇ ಟೈಪ್ ಮಾಡಿದ್ದೆ. ಮೇಷ್ಟರು ಈಗಿಲ್ಲ. ಮರುಮುದ್ರಣ ಮಾಡಿಸೋಣ ಅಣ್ಣ, ಎಂದು ಅವರ ಮಗಳು ಕೇಳಿದ್ದಳು. ಪರದೆಯ ತುಂಬ ಪೌಂಡಿನ ಗುರುತು, ತಲೆಯ ಮೇಲೆ ಓರೆಗೀಟು ಹೊತ್ತ ಇಂಗ್ಲಿಷ್ ಎ, ನಡುನಡುವೆ ಕ್ಯೂ. ಒಂದೂ ಕನ್ನಡ ಅಕ್ಷರವಿಲ್ಲ.

ಇದಕ್ಕೆ ಯಾವ ವಿದೇಶಿ ಕಂಪನಿಯನ್ನೂ ಬಯ್ಯುವಂತಿಲ್ಲ. ಯೂನಿಕೋಡಿನಲ್ಲಿ ಕನ್ನಡ 1991ರಿಂದ ಇದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ತುಂಗಾ ಫಾಂಟ್ ಇತ್ತು. ಆದರೂ ನಾವು ಡಿಟಿಪಿಯವರು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಹಳೆಯ ಫಾಂಟುಗಳನ್ನೇ ಹಿಡಿದು ಕೂತೆವು. ಮುದ್ರಣಾಲಯ ಅದನ್ನೇ ಕೇಳುತ್ತಿತ್ತು, ಕಚೇರಿಗಳು ಅದನ್ನೇ ಕೇಳುತ್ತಿದ್ದವು, ಪೇಜ್‌ಮೇಕರ್‌ಗೆ ಬೇರೆಯದು ಬರುತ್ತಿರಲಿಲ್ಲ. ಪೇಜ್‌ಮೇಕರ್ ಹಿಂದೆ ಬಿದ್ದು ಎಷ್ಟೋ ವರ್ಷವಾದ ಮೇಲೂ ಅಭ್ಯಾಸ ಬಿಡಲಿಲ್ಲ. ಇಂಥ ಕಡತದಲ್ಲಿ ಕನ್ನಡ ಇರುವುದು ಫಾಂಟಿನಲ್ಲೇ, ಬರಹದಲ್ಲಿ ಅಲ್ಲ. ಫಾಂಟ್ ಹೋದರೆ ಮೇಷ್ಟರ ಮಾತೂ ಹೋಯಿತು. ಕಂಪನಿ ನನ್ನ ತಂತ್ರಾಂಶಕ್ಕೆ ಬೀಗ ಹಾಕಿತು ಎಂದು ಕೂಗುವ ನಾನು, ಗಿರಾಕಿಗಳ ಬರಹಕ್ಕೆ ಇಷ್ಟು ವರ್ಷ ಹಾಕಿದ್ದೂ ಬೀಗವೇ. ಇಂದಿಗೂ ಹಳೆಯ ಫಾಂಟಿನಲ್ಲೇ ಕಡತ ಕೊಡಿ ಎನ್ನುವ ಪ್ರಕಾಶಕರೂ ಕಚೇರಿಗಳೂ ಇವೆ. ನಾನು ಇನ್ನು ಮೇಲೆ ಕೊಡುವುದಿಲ್ಲ, ಕೆಲಸ ಹೋದರೆ ಹೋಗಲಿ.

ಹಳೆಯ ಡಿಸ್ಕಿನಿಂದ ಫಾಂಟನ್ನು ಎತ್ತಿ ತಂದೆವು. ಅದು ಬರೀ ಫೈಲು, ಯಾರ ಅಪ್ಪಣೆಯನ್ನೂ ಕೇಳದೆ ಬಂತು. ಪುಟಗಳು ಕಣ್ಣುಬಿಟ್ಟವು. ಈಗ ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತರುತ್ತಿದ್ದೇನೆ. ಮೇಷ್ಟರು ನಡುವೆ ಇಂಗ್ಲಿಷಿನಲ್ಲಿ ಬರೆದ ಗಿಡಗಳ ಶಾಸ್ತ್ರೀಯ ಹೆಸರುಗಳೂ ಕನ್ನಡವೆಂದು ಭಾವಿಸಿ ಅದು ಕಲಸಿಹಾಕುತ್ತದೆ, ಅರ್ಕಾವತ್ತು ಕೆಲವೆಡೆ ತಪ್ಪುತ್ತದೆ. ಮುದ್ರಿತ ಪ್ರತಿ ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ತಿದ್ದಬೇಕು. ದಿನಕ್ಕೆ ಹತ್ತು ಪುಟ ಆಗುತ್ತದೆ. ನಿನ್ನೆ 'ಕ' ಅಕ್ಷರ ಮುಗಿಯಿತು.